ಎರಡು ತಾಳೆಗರಿ, ಒಂದು ಕಾಗದ

ಪಳೆಯುಳಿಕೆ ಎಂದ ತಕ್ಷಣ ಜನ ಡೈನೋಸಾರ್ ಬಗ್ಗೆ ಕೇಳುತ್ತಾರೆ. ಸಿಯಾಟಲ್ ಹತ್ತಿರದ ಒಂದು ಚಿಕ್ಕ ಮ್ಯೂಸಿಯಂನ ಹಿಂದಿನ ಕೋಣೆಗಳಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದೆ. ಅಷ್ಟೂ ವರ್ಷದಲ್ಲಿ ನಾನು ನೆಲ ಅಗೆದದ್ದು ಒಂದೇ ಸಲ, ಅದೂ ಕೆನ್ಮೋರ್‌ನ ನಮ್ಮ ಮನೆಯ ಹಿತ್ತಲಲ್ಲಿ, ಕರಿಬೇವಿನ ಗಿಡ ನೆಡಲು. ಅದು ಮೊದಲ ಚಳಿಗಾಲಕ್ಕೇ ಸತ್ತಿತು.

ಈಚೆಗೆ ಇಬ್ಬರು ಮೂವರು ಕನ್ನಡದ ಹುಡುಗಿಯರು ಫೋನ್ ಮಾಡಿ, "ಆಂಟಿ, ಮ್ಯೂಸಿಯಂ ಕೆಲಸ ಹೇಗಿರತ್ತೆ? ನಮಗೆ ಈ ಬೆಲ್ವ್ಯೂ ಸಾಫ್ಟ್‌ವೇರ್ ಆಫೀಸು ಸಾಕಾಗಿದೆ" ಎಂದು ಕೇಳಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೇರಿದೆ ಎನ್ನುವುದು ಓದುವವರಿಗೆ ಬೇಡ, ನನಗೂ ಸರಿಯಾಗಿ ನೆನಪಿಲ್ಲ. ಮಾಡಿದ ತಪ್ಪುಗಳು ಮಾತ್ರ ಚೆನ್ನಾಗಿ ನೆನಪಿವೆ, ಅದರಲ್ಲೂ ಒಂದು.

ಮೈಸೂರಿನಲ್ಲಿ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅದು ಪೆಟ್ಟಿಗೆ ಸೇರಿತ್ತು. ಮಗಳು ಮಿಡ್ಲ್ ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಕೂತು ತಲೆ ಕೆಟ್ಟು, ವಾರಕ್ಕೆರಡು ದಿನ ಮ್ಯೂಸಿಯಂಗೆ ಬಿಟ್ಟಿ ಕೆಲಸಕ್ಕೆ ಹೋದೆ. ಅಲ್ಲಿ ಸಂಗ್ರಹದ ಉಸ್ತುವಾರಿ ನೋಡುತ್ತಿದ್ದವಳು ಹೆಲೆನ್. ಅರವತ್ತರ ಹೆಂಗಸು, ಮಾತು ಕಡಿಮೆ, ಕನ್ನಡಕ ಎರಡು. ಮೊದಲ ದಿನವೇ ಕೈಗೆ ಒಂದು ಚೂರು ಕೊಟ್ಟು, "ಇದು ಮೂಳೆಯೋ ಕಲ್ಲೋ ಹೇಳು" ಎಂದಳು. ನಾನು ಲೆನ್ಸ್ ಹಿಡಿದು ಹಿಂದೆ ಮುಂದೆ ನೋಡುತ್ತಿದ್ದೆ. "ನೆಕ್ಕು" ಎಂದಳು. ಮೂಳೆಯಾದರೆ ನಾಲಿಗೆಗೆ ಅಂಟುತ್ತದೆ, ಕಲ್ಲಾದರೆ ಇಲ್ಲ. ನೀರಿನ ಲೋಟವನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು, ಎಂಜಲು ಮಾಡಬಾರದು ಎಂದು ಬೆಳೆಸಿದ ಮನೆಯಿಂದ ಬಂದವಳು ನಾನು. ಎಷ್ಟು ಜನ ನೆಕ್ಕಿ ಇಟ್ಟಿದ್ದರೋ ಆ ಚೂರನ್ನು! ಕಣ್ಣು ಮುಚ್ಚಿಕೊಂಡು ನೆಕ್ಕಿದೆ. ಅಂಟಿತು. ಆರು ತಿಂಗಳಿಗೆ ಕೆಲಸ ಖಾಯಂ ಆಯಿತು.

ಖಾಯಂ ಆದ ಮೇಲೆ ಹೆಲೆನ್ ನನ್ನನ್ನು ಕೂರಿಸಿದ್ದು ಡಾಕ್ಟರ ಬೀರುಗಳ ಮುಂದೆ. ಡಾಕ್ಟರ್ ಎಂದರೆ ನಮ್ಮ ಮ್ಯೂಸಿಯಂನ ಮೂಲ ಸಂಗ್ರಹ ಯಾರದೋ ಅವರು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಈ ಕಡೆಯ ಕಲ್ಲಿದ್ದಲು ಗಣಿಗಳಲ್ಲಿ ಕಂಪನಿಯ ವೈದ್ಯರಾಗಿದ್ದವರು. ಬೆಳಿಗ್ಗೆ ಗಣಿಯವರ ಮುರಿದ ಕೈಕಾಲು ಕಟ್ಟಿ, ಮಧ್ಯಾಹ್ನ ಕಲ್ಲಿದ್ದಲಿನ ಪದರಗಳಲ್ಲಿ ಸಿಗುವ ಎಲೆಗಳ ಅಚ್ಚು ನೋಡುತ್ತಾ ಕೂರುತ್ತಿದ್ದರು. ಯಾರೂ ಕಲಿಸಲಿಲ್ಲ. ಪೂರ್ವ ತೀರದ ಪ್ರೊಫೆಸರುಗಳಿಗೆ, ಯೂರೋಪಿನವರಿಗೆ ಪತ್ರ ಬರೆದು ಬರೆದೇ ವಿಜ್ಞಾನಿಯಾದರು. ಬೀರುಗಳ ತುಂಬ ತೆಳುವಾದ ಡ್ರಾಯರ್‌ಗಳು. ಒಂದೊಂದರಲ್ಲೂ ಎಲೆಯ ಅಚ್ಚಿರುವ ಕಲ್ಲುಗಳು, ಕಲ್ಲಿನ ಕೆಳಗೆ, ಪಕ್ಕದಲ್ಲಿ, ಮಡಿಸಿ ತುರುಕಿದ ಕಾಗದಗಳು.

ಆ ಕಾಗದಗಳನ್ನು ಓದುವುದೇ ನನ್ನ ಕೆಲಸವಾಯಿತು. ಅವರ ಅಕ್ಷರ ಅಭ್ಯಾಸವಾಗಲು ಎರಡು ತಿಂಗಳು ಹಿಡಿಯಿತು. ವೈದ್ಯರ ಅಕ್ಷರ ಎಲ್ಲ ಕಾಲದಲ್ಲೂ ಒಂದೇ. ಗಂಡ ಮೂರ್ತಿ ಆಗ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದ. ಸಂಜೆ ಬಂದವನೇ, "ಏನೇ, ಇವತ್ತು ಯಾರ ಮನೆ ಕಾಗದ ಓದಿದೆ?" ಅಂತ ರೇಗಿಸುತ್ತಿದ್ದ. ಡಾಕ್ಟರ ಕಲ್ಲುಗಳಲ್ಲಿ ತಾಳೆಗರಿಯ ಪಳೆಯುಳಿಕೆಗಳೂ ಇವೆ ಎಂದು ಗೊತ್ತಾದ ಮೇಲಂತೂ, "ಅಮೆರಿಕಕ್ಕೆ ಬಂದ್ರೂ ತಾಳೆಗರಿ ಓದೋದು ತಪ್ಪಲಿಲ್ಲ ನಿಂಗೆ" ಎಂದು ಬಂದವರಿಗೆಲ್ಲ ಹೇಳಿದ.

ಡಾಕ್ಟರಿಂದ ಕಲಿತದ್ದರಲ್ಲಿ ನಿಮಗೂ ಉಪಯೋಗಕ್ಕೆ ಬರುವಂಥದ್ದು ಒಂದಿದೆ. ಒಬ್ಬ ಪ್ರೊಫೆಸರ್ ಇವರು ಕಳಿಸಿದ ಎಲೆಗೆ ತಪ್ಪು ಹೆಸರಿಟ್ಟು ಪ್ರಕಟಿಸಿಬಿಟ್ಟರು. ಅದಕ್ಕೆ ಡಾಕ್ಟರ್ ಬರೆದ ಉತ್ತರದ ಐದು ಕರಡುಗಳು ಒಂದೇ ಡ್ರಾಯರ್‌ನಲ್ಲಿ ಸಿಕ್ಕವು. ಮೊದಲನೆಯದರಲ್ಲಿ ಪ್ರೊಫೆಸರಿಗೆ ಎಲೆಗೂ ಎಲೆಕೋಸಿಗೂ ವ್ಯತ್ಯಾಸ ಗೊತ್ತಿಲ್ಲ ಎಂದಿತ್ತು. ಐದನೆಯದು ಬೆಣ್ಣೆ ಹಚ್ಚಿದ ಹಾಗಿತ್ತು. ಯಾವುದನ್ನು ಕಳಿಸಿದರೋ ಎಂದು ಹುಡುಕಿದರೆ, ಪ್ರೊಫೆಸರ ಮರುಪತ್ರ "ನಿಮ್ಮ ಸೌಜನ್ಯದ ಪತ್ರ ತಲುಪಿತು" ಎಂದು ಶುರುವಾಗಿತ್ತು. ಅಂದಿನಿಂದ ನಾನೂ ಸಿಟ್ಟಿನ ಇ-ಮೇಲ್ ಪೂರ್ತಿ ಬರೆದು, ಉಳಿಸಿಟ್ಟು, ಮಾರನೇ ದಿನ ಬೇರೆ ಕಳಿಸುವ ಪದ್ಧತಿ ಇಟ್ಟುಕೊಂಡೆ. ಮೇಲಿನವರ ಜೊತೆ ಜಗಳವಾಡದೆ ಇಪ್ಪತ್ತೆರಡು ವರ್ಷ ಕಳೆದದ್ದು ಹಾಗೆ.

ಇನ್ನು ತಪ್ಪಿನ ವಿಷಯ. ಖಾಯಂ ಆದ ಮೊದಲ ವರ್ಷವೇ ಹೆಲೆನ್ ಮಂಡಿ ಆಪರೇಷನ್‌ಗೆಂದು ಐದು ವಾರ ರಜೆ ಹಾಕಿದಳು. ಕಲ್ಲಿನ ಪುಡಿ ಮೆತ್ತಿ ಕಾಗದಗಳು ಹಾಳಾಗುತ್ತಿದ್ದವು, ಅದು ನಿಜ. ನನ್ನ ಕೈ ಸುಮ್ಮನಿರಲಿಲ್ಲ. ಹಬ್ಬಕ್ಕೆ ಮುಂಚೆ ಅಟ್ಟ ಇಳಿಸಿ, ಡಬ್ಬಿಗಳನ್ನೆಲ್ಲ ತೊಳೆದು ಜೋಡಿಸುವ ಅಮ್ಮನ ಮಗಳು ತಾನೇ! ಡ್ರಾಯರ್‌ಗಳಿಂದ ಕಾಗದಗಳನ್ನೆಲ್ಲ ತೆಗೆದು, ಮೆತ್ತನೆ ಬ್ರಷ್‌ನಲ್ಲಿ ಒರೆಸಿ, ಬರೆದವರ ಹೆಸರಿನ ಅಕಾರಾದಿಯಲ್ಲಿ ಹೊಸ ಫೋಲ್ಡರುಗಳಿಗೆ ಹಾಕಿದೆ. ಡ್ರಾಯರ್‌ಗಳನ್ನೂ ಒರೆಸಿದೆ. ಎಲ್ಲ ಫಳಫಳ. ಆ ಕಡೆ ಬಂದ ನಿರ್ದೇಶಕರು ಫೋಲ್ಡರುಗಳ ಸಾಲು ನೋಡಿ ಬೆನ್ನು ತಟ್ಟಿದರು. ಮನೆಗೆ ಹೋಗಿ ಪಾಯಸ ಮಾಡಿದ್ದೆ, ಸುಳ್ಳಲ್ಲ.

ಹೆಲೆನ್ ಊರುಗೋಲು ಹಿಡಿದು ವಾಪಸು ಬಂದಳು. ಒಂದು ಡ್ರಾಯರ್ ಎಳೆದಳು. ಇನ್ನೊಂದು ಎಳೆದಳು.

"ಯಾವ ಕಾಗದ ಯಾವ ಡ್ರಾಯರ್‌ನಲ್ಲಿತ್ತು, ಅದರ ಪಟ್ಟಿ ಎಲ್ಲಿ?" ಎಂದಳು.

"ಪಟ್ಟಿ?" ಎಂದೆ.

ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಡಾಕ್ಟರ್ ಕಲ್ಲುಗಳ ಮೇಲೆ ನಂಬರ್ ಬರೆಯುತ್ತಿರಲಿಲ್ಲ. ಯಾರು ಕಳಿಸಿದರೋ ಅವರ ಕಾಗದವನ್ನೇ ಆ ಕಲ್ಲಿನ ಕೆಳಗೆ ಇಡುತ್ತಿದ್ದರು. ಕಾಗದವೇ ಅವರ ಚೀಟಿ. ಅದನ್ನು ಕಲ್ಲಿನಿಂದ ಬೇರೆ ಮಾಡಿದರೆ ಕಲ್ಲು ಎಲ್ಲಿಯದು, ಯಾರಿಗೆ ಸಿಕ್ಕಿದ್ದು ಎನ್ನುವುದು ಹೋಯಿತು. ಇದನ್ನು ಹೆಲೆನ್ ಬೈಯದೆ, ದನಿ ಏರಿಸದೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ನೆನಪಿದ್ದಷ್ಟನ್ನು ಇಬ್ಬರೂ ಕೂತು ಬರೆದೆವು. ನೂರರಲ್ಲಿ ಹತ್ತು ಕೂಡ ಬರಲಿಲ್ಲ. ಕೊನೆಗೆ, "ನಿನ್ನ ಕೆಲಸ ಹೋಗೋದು ನನಗೆ ಬೇಡ. ಇದು ಇಲ್ಲೇ ಇರಲಿ" ಎಂದಳು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಕೆಲವು ವರ್ಷಗಳಲ್ಲಿ ಅವಳು ನಿವೃತ್ತಳಾದಳು, ಆಮೇಲೆ ತೀರಿಕೊಂಡಳು. ವಿಷಯ ಗೊತ್ತಿದ್ದವಳು ನಾನೊಬ್ಬಳೇ ಉಳಿದೆ.

ಆಮೇಲೆ ಕಂಪ್ಯೂಟರ್ ಕ್ಯಾಟಲಾಗ್ ಬಂತು. ಹಳೆಯ ಕ್ಯಾಟಲಾಗ್ ಕಾರ್ಡುಗಳಲ್ಲಿದ್ದದ್ದನ್ನು ಅದಕ್ಕೆ ತುಂಬಲು ಒಂದು ವರ್ಷ ಹಿಡಿಯಿತು. ಅದರಲ್ಲಿ 'ಪತ್ತೆಹಚ್ಚಿದವರು' ಎಂಬ ಅಂಕಣ ಖಾಲಿ ಬಿಟ್ಟರೆ ಮೆಷೀನು ಮುಂದಕ್ಕೇ ಹೋಗುತ್ತಿರಲಿಲ್ಲ. ಏನಾದರೂ ತುಂಬಬೇಕಲ್ಲ ಎಂದು ಗೊತ್ತಿಲ್ಲದ ಕಡೆಯೆಲ್ಲ ಡಾಕ್ಟರ ಹೆಸರು ಹಾಕಿದೆವು. ನಾನೂ ಹಾಕಿದೆ. ಹೀಗೆ ಜೀವಮಾನವಿಡೀ ಬೇರೆಯವರು ತಂದುಕೊಟ್ಟದ್ದನ್ನು ನೋಡಿದ ಮನುಷ್ಯ, ಸತ್ತು ಎಷ್ಟೋ ವರ್ಷವಾದ ಮೇಲೆ ನಮ್ಮ ದೆಸೆಯಿಂದ ನೂರಾರು ಕಲ್ಲುಗಳನ್ನು ತಾವೇ ಅಗೆದು ತೆಗೆದವರಾದರು. ಹೊಸ ವಿಧಾನ ಬಂದಾಗ ಹಳೆಯ ತಪ್ಪು ಅಳಿಸಿಹೋಗುತ್ತದೆ ಎಂದು ನೀವು ತಿಳಿದಿದ್ದರೆ, ಅದನ್ನು ಮರೆತುಬಿಡಿ. ಅದು ಇನ್ನೂ ಗಟ್ಟಿಯಾಗುತ್ತದೆ.

ಮುಂದೆ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್‌ಗೆ ಹಾಕಿದರು. ನನ್ನ ಕೆಲಸದ ಕೊನೆಯ ವರ್ಷ ಒಂದು ಫೋನ್ ಬಂತು. ಇಲ್ಲೇ ಹತ್ತಿರದ ನ್ಯೂಕ್ಯಾಸಲ್‌ನಿಂದ ರೂತ್ ಎಂಬ ಹೆಂಗಸು, ಎಂಬತ್ತನಾಲ್ಕು ವರ್ಷ, ಹಿಂದೆ ಸ್ಕೂಲ್ ಬಸ್ ಓಡಿಸುತ್ತಿದ್ದವರು. ಅವರ ಅಜ್ಜಿ ಆಗ್ನೆಸ್. ಈಗ ಸಾಲುಮನೆಗಳಿರುವ ನ್ಯೂಕ್ಯಾಸಲ್‌ನಲ್ಲಿ ಆಗ ಗಣಿಗಳಿದ್ದವು, ಆಗ್ನೆಸ್ ಗಣಿಯವನ ಹೆಂಡತಿ. ಡಾಕ್ಟರಿಗೆ ಆಕೆ ಬರೆದ ಕಾಗದಗಳನ್ನು ರೂತ್ ಅವರ ಸೋದರ ಸೊಸೆ ಇಂಟರ್‌ನೆಟ್‌ನಲ್ಲಿ ನೋಡಿದ್ದಳು.

ಆಗ್ನೆಸ್‌ಳನ್ನು ನಾನು ಚೆನ್ನಾಗಿ ಬಲ್ಲೆ. ಹತ್ತೊಂಬತ್ತು ಕಾಗದ ಬರೆದವಳು, ಹತ್ತೊಂಬತ್ತರಲ್ಲೂ ಜೋರು. "ಹೋದ ತಿಂಗಳು ಕಳಿಸಿದ ಎಲೆಗೆ ನೀವು ಉತ್ತರ ಬರೆದಿಲ್ಲ. ಮೂರು ಮಕ್ಕಳಿರುವ ನನಗೇ ಬರೆಯಲು ಪುರುಸೊತ್ತಿದೆ" ಎಂದು ಡಾಕ್ಟರನ್ನು ದಬಾಯಿಸಿದ್ದಳು. ಅವಳ ಒಂದು ಕಾಗದದಲ್ಲಿ ಹೀಗಿತ್ತು: "ಬಟ್ಟೆ ಒಗೆಯುವ ಕೊಟ್ಟಿಗೆಯ ಹಿಂದೆ ಗಣಿಯವರು ಸುರಿದ ಕಲ್ಲಿನಲ್ಲಿ ಇದು ಸಿಕ್ಕಿತು. ಬೀಸಣಿಗೆಯ ಹಾಗೆ ಅಗಲವಾಗಿದೆ. ಇಳಿಸುವಾಗ ನಡುವೆ ಮುರಿಯಿತು. ಬೈಯಬೇಡಿ."

ರೂತ್ ಫೋನಿನಲ್ಲಿ ಹೇಳಿದ್ದು ಇಷ್ಟು. "ಡಾಕ್ಟರ್ ಹೆಸರು ಮಾಡಿದ್ದು ನನ್ನ ಎಲೆಯಿಂದ ಅಂತ ಅಜ್ಜಿ ಸಾಯೋವರೆಗೂ ಹೇಳೋಳು. ಮನೆಯಲ್ಲಿ ಎಲ್ಲರೂ ನಗೋರು. ಚಿಕ್ಕವಳು, ನಾನೂ ನಕ್ಕಿದೀನಿ. ಆಮೇಲೆ ಎಷ್ಟೋ ವರ್ಷ ಮಕ್ಕಳನ್ನ ಬಸ್ಸಲ್ಲಿ ನಿಮ್ಮ ಮ್ಯೂಸಿಯಂಗೆ ಕರ್ಕೊಂಡು ಬಂದೆ. ಗಾಜಿನ ಪೆಟ್ಟಿಗೆಯಲ್ಲಿರೋ ಆ ದೊಡ್ಡ ತಾಳೆಗರಿ ಮುಂದೆ ನಿಂತಿದೀನಿ. ಅದು ಅವಳದೇನಾ? ಹೌದಾದರೆ ಅವಳ ಹೆಸರು ಹಾಕ್ತೀರಾ? ನಾನಿರೋ ಅಷ್ಟರಲ್ಲಿ ಹಾಕ್ತೀರಾ?"

ಡಾಕ್ಟರ ಸಂಗ್ರಹದಲ್ಲಿ ನಡುವೆ ಮುರಿದ ತಾಳೆಗರಿಗಳು ಎರಡಿದ್ದವು. ಒಂದು ಕೆಳಗಿನ ಹಾಲ್‌ನ ಗಾಜಿನ ಪೆಟ್ಟಿಗೆಯಲ್ಲಿರುವುದು. ಡಾಕ್ಟರ್ ಹೊಸ ಜಾತಿ ಎಂದು ಹೆಸರಿಟ್ಟು ಖ್ಯಾತರಾದದ್ದು ಅದರಿಂದಲೇ. ಇನ್ನೊಂದು ಹಿಂದಿನ ಬೀರುವಿನಲ್ಲಿ, ಅಂಚು ಒಡೆದು, ಯಾರೂ ನೋಡದೆ ಬಿದ್ದಿರುವುದು. ಕಲ್ಲು ಗಾಜಿನ ಪೆಟ್ಟಿಗೆಗೆ ಹೋಗಿದ್ದರೂ ಅದರ ಕಾಗದ ಹಳೆಯ ಡ್ರಾಯರ್‌ನಲ್ಲೇ ಉಳಿದಿತ್ತು; ಆಗ್ನೆಸ್‌ಳ ಕಾಗದ ಈ ಎರಡರಲ್ಲಿ ಒಂದರ ಡ್ರಾಯರ್‌ನಲ್ಲಿತ್ತು. ಅಲ್ಲಿಂದ ಅದನ್ನು ಎತ್ತಿ, ಧೂಳು ಒರೆಸಿ, 'ಎ' ಅಕ್ಷರದ ಫೋಲ್ಡರಿಗೆ ಹಾಕಿದ ಕೈ ಇದೇ. ಯಾವುದರ ಡ್ರಾಯರ್‌ನಲ್ಲಿತ್ತು ಎಂದು ಎಷ್ಟು ತಲೆ ಚಚ್ಚಿಕೊಂಡರೂ ನೆನಪಾಗಲಿಲ್ಲ.

ಆಗ ನನ್ನ ಮೇಲಧಿಕಾರಿಯಾಗಿದ್ದವನು ಗ್ರೆಗ್, ನನಗಿಂತ ಹದಿನೈದು ವರ್ಷ ಚಿಕ್ಕವನು, ಒಳ್ಳೆಯ ಮನುಷ್ಯ. ಅವನ ಕೋಣೆಗೆ ಹೋಗಿ ಬಾಗಿಲು ಹಾಕಿ, ಅಷ್ಟು ವರ್ಷ ಹೇಳದಿದ್ದದ್ದನ್ನು ಹೇಳಿದೆ. ಅವನು ಪೆನ್ನು ತಿರುಗಿಸುತ್ತಾ ಕೂತಿದ್ದು, "ಗಾಜಿನ ಪೆಟ್ಟಿಗೆಯಲ್ಲಿರೋದರ ಡ್ರಾಯರ್‌ನಲ್ಲಿತ್ತು ಅಂತ ನಿನಗೆ ನೆನಪಿದ್ದರೆ ಒಂದು ಸಾಲು ಬರೆದು ಸಹಿ ಹಾಕು. ನಾನು ಲೇಬಲ್ ಬದಲಿಸ್ತೀನಿ. ಯಾರೂ ಪ್ರಶ್ನೆ ಮಾಡೋದಿಲ್ಲ" ಎಂದ.

"ನೆನಪಿಲ್ಲವಲ್ಲ" ಎಂದೆ.

"ಯೋಚನೆ ಮಾಡು. ನೆನಪಾಗಬಹುದು" ಎಂದ. ಅವನು ಏನು ಹೇಳುತ್ತಿದ್ದಾನೆ ಎಂದು ಇಬ್ಬರಿಗೂ ಗೊತ್ತಿತ್ತು.

ಮೂರು ದಿನ ಒದ್ದಾಡಿದೆ. ಒಂದು ಸಾಲು, ಒಂದು ಸಹಿ. ಮುದುಕಿಗೆ ಸಂತೋಷ, ಆಗ್ನೆಸ್‌ಗೆ ಹೆಸರು, ನನ್ನ ತಪ್ಪು ಯಾರಿಗೂ ಗೊತ್ತಾಗದೆ ಮುಚ್ಚಿಹೋಗುತ್ತಿತ್ತು. ಅದೂ ಅಲ್ಲದೆ, ನಿಜವಾಗಿಯೂ ಅದರ ಡ್ರಾಯರ್‌ನಲ್ಲೇ ಇದ್ದಿರಬಹುದಲ್ಲ? ಭಾನುವಾರ ಮಗಳು ಊಟಕ್ಕೆ ಬಂದಾಗ ವಿಷಯ ತೆಗೆದೆ. ನಾವು ಕನ್ನಡದಲ್ಲಿ ಮಾತಾಡಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷು. "ಅಮ್ಮಾ, ಜಸ್ಟ್ ಗಿವ್ ಇಟ್ ಟು ಹರ್. ಶೀ ಈಸ್ ಎಯ್ಟಿ ಫೋರ್" ಎಂದಳು.

ಮೂರ್ತಿ ಹುಳಿ ಬಡಿಸಿಕೊಳ್ಳುತ್ತಾ, "ಅದ್ ಹೇಗಾಗತ್ತೆ? ಬಗ್ ಇವಳದು. ಅದನ್ನ ಮುಚ್ಚೋಕೆ ಇನ್ನೊಂದು ಬಗ್ ಹಾಕ್ತಾಳಾ? ನಾಳೆ ಇನ್ಯಾರೋ ಇದನ್ನ ನಂಬ್ಕೊಂಡು ಮುಂದಕ್ಕೆ ಕೆಲಸ ಮಾಡ್ತಾರೆ. ರಿಪೋರ್ಟ್ ಹಾಕು ಕಣೆ. ಗೊತ್ತಿರೋದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಅಂತ ಬರಿ" ಎಂದ.

"ದಟ್ಸ್ ಸೋ ಕೋಲ್ಡ್, ಅಪ್ಪಾ."

"ಕೋಲ್ಡೇ. ಏನ್ಮಾಡೋದು?"

ಇಬ್ಬರೂ ಸರಿ ಹೇಳುತ್ತಿದ್ದಾರೆ ಅನಿಸಿ ನನಗೆ ಅಳು ಬಂತು. ಎದ್ದು ಹೋಗಿ ಪಾತ್ರೆ ತೊಳೆದೆ.

ಸೋಮವಾರ ಬೆಳಿಗ್ಗೆ ಕ್ಯಾಟಲಾಗ್ ತೆರೆದು ಎರಡು ತಾಳೆಗರಿಗಳಿಗೂ ಒಂದೇ ಟಿಪ್ಪಣಿ ಹಾಕಿದೆ. ಪತ್ತೆಹಚ್ಚಿದವರು ಎಂಬಲ್ಲಿ ಡಾಕ್ಟರ ಹೆಸರು ತೆಗೆದು 'ಬಹುಶಃ ಆಗ್ನೆಸ್' ಎಂದು ಬರೆದೆ. ಕೆಳಗೆ, ಆಕೆಯ ಕಾಗದ ಈ ಎರಡರಲ್ಲಿ ಒಂದಕ್ಕೆ ಸೇರಿದ್ದು, ಯಾವುದಕ್ಕೆಂದು ಈಗ ತಿಳಿಯುವ ಹಾಗಿಲ್ಲ, ಏಕೆಂದರೆ ಡ್ರಾಯರ್‌ಗಳ ಕಾಗದಗಳನ್ನು ಸಿಬ್ಬಂದಿಯೊಬ್ಬರು ಜಾಗ ದಾಖಲಿಸದೆ ತೆಗೆದಿದ್ದಾರೆ ಎಂದು ಬರೆದೆ. ಸಿಬ್ಬಂದಿಯೊಬ್ಬರು! ಗ್ರೆಗ್ ಓದಿ, "ಇಷ್ಟು ಸಾಕು" ಎಂದ. ನನಗೂ ಇಷ್ಟು ಸಾಕು ಅನಿಸಿತು. ಸುಳ್ಳು ಹೇಳಲಿಲ್ಲ ಎನ್ನುವ ಸಮಾಧಾನ ಬೇರೆ.

ನನ್ನ ಕೆಲಸದ ಕೊನೆಯ ವಾರ ರೂತ್ ವಾಕರ್ ತಳ್ಳಿಕೊಂಡು ಬಂದರು. ಹಿಂದಿನ ಕೋಣೆಯ ಮೇಜಿನ ಮೇಲೆ ಎರಡೂ ತಾಳೆಗರಿಗಳನ್ನು ಇಟ್ಟಿದ್ದೆ. ಗಾಜಿನ ಪೆಟ್ಟಿಗೆಯಲ್ಲಿದ್ದದ್ದನ್ನೂ ಗ್ರೆಗ್ ಇಳಿಸಿಕೊಟ್ಟಿದ್ದ. ಎರಡನ್ನೂ ಅವರು ಬಹಳ ಹೊತ್ತು ನೋಡಿದರು, ಒಡೆದ ಅಂಚಿನದನ್ನೂ ಅಷ್ಟೇ ಹೊತ್ತು. ಕಾಗದವನ್ನು ತೋರಿಸಿದೆ. ಅಜ್ಜಿಯ ಅಕ್ಷರ ನೋಡಿ ನಕ್ಕರು. "ಬೈಯಬೇಡಿ ಅಂತಾಳೆ ನೋಡಿ! ಅವಳು ಬೈಯಿಸಿಕೊಂಡದ್ದು ನಾನು ಕಂಡಿಲ್ಲ."

ಆಮೇಲೆ ಸ್ಕ್ರೀನ್ ಅವರ ಕಡೆ ತಿರುಗಿಸಿದೆ. ಅವರು ಟಿಪ್ಪಣಿಯನ್ನು ನಿಧಾನವಾಗಿ ಓದಿದರು. ಮುಖದ ಮೇಲಿನ ನಗು ಹೋಯಿತು.

"ಬಹುಶಃ" ಎಂದರು. "ನಮ್ಮಜ್ಜಿ ಒಂದು ದಿನಾನೂ ಬಹುಶಃ ಅನ್ನೋ ಹೆಂಗಸಾಗಿರಲಿಲ್ಲ."

"ಗೊತ್ತು" ಎಂದೆ.

"ಈ ಸಿಬ್ಬಂದಿಯೊಬ್ಬರು ಯಾರು?"

ಗ್ರೆಗ್ ನನ್ನ ಕಡೆ ನೋಡಲಿಲ್ಲ. "ನಾನು" ಎಂದೆ. ಹೇಗೆ ತೆಗೆದೆ, ಏಕೆ ತೆಗೆದೆ, ಎಷ್ಟು ವರ್ಷ ಯಾರಿಗೂ ಹೇಳಲಿಲ್ಲ ಎಂದೆಲ್ಲ ಹೇಳಿದೆ. ಕ್ಷಮಿಸಿ ಎಂದೂ ಹೇಳಿದೆ.

ಅವರು ವಾಕರ್‌ನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. "ಗಾಜಿನ ಪೆಟ್ಟಿಗೆಯದು ಅವಳದೇ ಅಂತ ನೀವು ಹೇಳಿಬಿಟ್ಟಿದ್ದರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ" ಎಂದರು.

"ಇಲ್ಲ, ಗೊತ್ತಾಗ್ತಿರಲಿಲ್ಲ."

"ನನಗೆ ಅಷ್ಟು ಸಾಕಾಗಿತ್ತು."

ಹಾಗೆಂದು ಅವರು ಬೆರಳಿನಿಂದ ಸ್ಕ್ರೀನ್ ಕುಟ್ಟಿದರು. "ಹಾಗಾದರೆ ಇಲ್ಲಿ ನಿಮ್ಮ ಹೆಸರು ಹಾಕಿ. ಅವಳು ಬಹುಶಃ ಆಗಿದ್ದು ಯಾರಿಂದ ಅಂತ ಓದೋರಿಗೆ ಗೊತ್ತಾಗಲಿ."

ಗ್ರೆಗ್ ಏನೋ ಹೇಳಲು ಬಾಯಿ ತೆರೆದ. ನಾನು ಕುರ್ಚಿ ಎಳೆದುಕೊಂಡು ಕೂತೆ. 'ಸಿಬ್ಬಂದಿಯೊಬ್ಬರು' ಎಂಬುದನ್ನು ಅಳಿಸಿ, ತಂದೆಯ ಹೆಸರು, ಗಂಡನ ಮನೆಯ ಹೆಸರು ಎಲ್ಲ ಸೇರಿಸಿ ನನ್ನ ಪೂರ್ತಿ ಹೆಸರು ಟೈಪ್ ಮಾಡಿದೆ. ರೂತ್ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ನೋಡಿದರು. ಎರಡನೇ ತಾಳೆಗರಿಯ ಪುಟದಲ್ಲೂ ಹಾಕಿದೆನೇ ಎಂದು ಕೇಳಿ, ಅದನ್ನೂ ನೋಡಿದರು. ನಾನು ಸೇವ್ ಒತ್ತುವವರೆಗೂ ಕದಲಲಿಲ್ಲ.

ಅವರನ್ನು ಕಾರಿನವರೆಗೆ ಬಿಟ್ಟು ಬಂದು ಕಲ್ಲುಗಳನ್ನು ಅವುಗಳ ಜಾಗಕ್ಕೆ ಸೇರಿಸಿದೆ. ಶುಕ್ರವಾರ ಕೇಕ್ ಕತ್ತರಿಸಿ ಕಳಿಸಿಕೊಟ್ಟರು. ಅಷ್ಟು ವರ್ಷ ನಾನು ದಿನವೂ ತುಂಬಿದ ಆ ಕ್ಯಾಟಲಾಗ್‌ನಲ್ಲಿ ನನ್ನ ಹೆಸರು ಇರುವುದು ಆ ಎರಡು ಪುಟಗಳಲ್ಲಿ ಮಾತ್ರ.